ನೊಗ ಇಳಿಸುವ ಹೊತ್ತು

ಕಳೆದ ಫಾಲ್ಗುಣದ ಒಂದು ಮಧ್ಯಾಹ್ನ. ಊಟವಾದ ಮೇಲಿನ ಮೊದಲ ಗಂಟೆ. ಚಳ್ಳಕೆರೆಯ ಬಿಸಿಲು ಕಾಲೇಜಿನ ತಾರಸಿಯನ್ನು ಕಾಯಿಸಿತ್ತು. ತರಗತಿಯ ಫ್ಯಾನು ಆ ಕಾವನ್ನೇ ಎಲ್ಲರ ತಲೆಯ ಮೇಲೂ ಸಮನಾಗಿ ಹಂಚುತ್ತಿತ್ತು. ನಾನು ಶಿವಶರಣರ ಕಾಯಕತತ್ತ್ವವನ್ನು ಪಾಠ ಹೇಳುತ್ತಿದ್ದೆ. ದುಡಿಮೆಯ ಹಿರಿಮೆ, ಬೆವರಿನ ಪಾವಿತ್ರ್ಯ ಮೊದಲಾಗಿ ಹದಿನೆಂಟು ವರ್ಷಗಳಿಂದ ಹೇಳಿ ಹೇಳಿ ನಾಲಗೆಗೆ ಒಗ್ಗಿಹೋದ ಮಾತುಗಳು ಒಂದರ ಹಿಂದೊಂದು ಹೊರಡುತ್ತಿದ್ದುವು. ಅಷ್ಟರಲ್ಲಿ ಮೂರನೆಯ ಸಾಲಿನ ಒಬ್ಬ ಹುಡುಗ ಮೇಜಿನ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ರಿಸುತ್ತಿರುವುದು ಕಣ್ಣಿಗೆ ಬಿತ್ತು.

ಉಪಾಧ್ಯಾಯನ ಅಭಿಮಾನ ಬಲು ಸೂಕ್ಷ್ಮವಾದದ್ದು. ನಾನು ಪುಸ್ತಕ ಮುಚ್ಚಿ, "ಏನಯ್ಯಾ, ರಾತ್ರಿಯೆಲ್ಲ ರಾಜ್ಯಭಾರ ಮಾಡಿ ಬಂದೆಯೋ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಎದ್ದು ನಿಂತ, ಕಣ್ಣು ಕೆಂಪಾಗಿದ್ದುವು. "ತಪ್ಪಾಯ್ತು ಸಾರ್" ಎಂದಷ್ಟೇ ಹೇಳಿ, ಕುಳಿತುಕೋ ಎಂದು ನಾನು ಹೇಳದೆ ಇದ್ದುದರಿಂದ, ಗಂಟೆ ಮುಗಿಯುವವರೆಗೂ ನಿಂತೇ ಇದ್ದ. ಶ್ರಮವನ್ನು ಕುರಿತ ಪಾಠ ಮುಂದೆ ಸಾಗಿತು.

ಪಾಠ ಮುಗಿಸಿ ಹೊರಗೆ ಬಂದಾಗ ಅವನ ಗೆಳೆಯನೊಬ್ಬ ಹಿಂದೆಯೇ ಬಂದು, ತುಸು ಅಂಜುತ್ತ, "ಸಾರ್, ಅವನು ನನ್ನಿವಾಳದವನು. ಅವರಪ್ಪನಿಗೆ ಸೊಂಟದ ನೋವು. ಈ ವಾರ ಕರೆಂಟು ರಾತ್ರಿ ಪಾಳಿ. ದಿನಾ ಬೆಳಗಿನವರೆಗೂ ಅವನೇ ಹೊಲಕ್ಕೆ ನೀರು ಹಾಯಿಸಿ ಬರ್ತಾನೆ" ಎಂದ.

ಆ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇದು ಪಶ್ಚಾತ್ತಾಪದ ಮಹಿಮೆಯೆಂದು ವಾಚಕರು ಭಾವಿಸಬಾರದು. ನನಗೆ ಯಾವ ರಾತ್ರಿಯೂ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಹಗಲೆಲ್ಲ ಕುರ್ಚಿ, ಸಂಜೆಯೂ ಕುರ್ಚಿ, ಹಾಸಿಗೆಗೆ ಹೋದರೆ ಕೈಯಲ್ಲಿ ಮೊಬೈಲು. ಹನ್ನೆರಡಾಗಿ ಒಂದಾದರೂ ಅದರ ಬೆಳಕು ಮುಖದ ಮೇಲೆ. ರಕ್ತದಲ್ಲಿ ಸಕ್ಕರೆಯ ಅಂಶ ಏರುತ್ತಿದೆಯೆಂದು ವೈದ್ಯರು ಹೇಳಿ, ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿರಿ ಎಂದು ಎಚ್ಚರಿಸಿದ್ದರು. ಆವೇಶದಿಂದ ಮೊದಲ ದಿನವೇ ಆರು ಕಿಲೋಮೀಟರು ನಡೆದೆ. ನಾಲ್ಕನೆಯ ದಿನ ಮೊಣಕಾಲು ಊದಿಕೊಂಡಿತು. ಐದನೆಯ ದಿನ ಮತ್ತೆ ಕುರ್ಚಿಯನ್ನೇ ಶರಣು ಹೊಕ್ಕೆ. "ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬುದು ಗಾದೆ. ಸಂತೆಯನ್ನೇ ಹಾಸಿಗೆಗೆ ಕರೆದುಕೊಂಡು ಹೋಗುವವನಿಗೆ ಗಾದೆ ತಾನೆ ಏನು ಮಾಡೀತು? ನನ್ನ ನಿದ್ದೆಗೇಡು ನಾನೇ ಮಾಡಿಕೊಂಡದ್ದು, ಆ ಹುಡುಗನದು ಅವನ ಮೇಲೆ ಬಂದು ಬಿದ್ದದ್ದು. ಈ ಭೇದ ತಿಳಿಯದೆ ಆಡಿದ ಮಾತು ಒಳಗೇ ಚುಚ್ಚುತ್ತಿತ್ತು.

ಶನಿವಾರ ಸಂಜೆ ಬಸ್ಸು ಹಿಡಿದು ನನ್ನಿವಾಳಕ್ಕೆ ಹೋದೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಈ ಸೀಮೆ ನಮ್ಮ ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಶೇಂಗಾ, ಕುರಿ, ಕಂಬಳಿ ಇವು ಇಲ್ಲಿನ ಬದುಕು. ನನ್ನಿವಾಳ ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದು. ಆ ಜನರ ನ್ಯಾಯ, ನೇಮ, ಹಬ್ಬಗಳ ಹಳೆಯ ಕೇಂದ್ರ. ಮನೆಯೊಳಗೆ ಅವರ ಮಾತು ತೆಲುಗು, ಬಂದವರೊಡನೆ ಕನ್ನಡ. ದೇವರಿಗೆ ಬಿಟ್ಟ ದನಗಳ ಹಿಂಡನ್ನು ಸಾಕಿಕೊಂಡು ಬಂದಿರುವುದು ಅವರ ವಿಶೇಷ. ಈ ದೇವರ ಎತ್ತುಗಳನ್ನು ನೇಗಿಲಿಗೆ ಕಟ್ಟುವಂತಿಲ್ಲ. ಅವುಗಳ ಪಾಲಕನಿಗೆ ಕಿಲಾರಿ ಎಂದು ಹೆಸರು. ಬರ ಬಂದಾಗ ಹುಲ್ಲು ನೀರುಗಳನ್ನು ಅರಸಿ ಹಿಂಡಿನ ಹಿಂದೆ ನಡೆಯುವುದು ಅವನ ಪಾಲಿನ ವ್ರತ. ನನ್ನ ವಿದ್ಯಾರ್ಥಿಯ ಅಜ್ಜ ಪ್ರಾಯದಲ್ಲಿ ಕಿಲಾರಿಗಳ ಜೊತೆಯಲ್ಲಿ ನಡೆದವರು ಎಂಬುದು ಅವರ ಮನೆಯ ಜಗಲಿಯ ಮೇಲೆ ಕುಳಿತ ಮೇಲೆ ನನಗೆ ತಿಳಿಯಿತು.

ಕ್ಷಮೆ ಕೇಳಲೆಂದು ಹೋದವನಿಗೆ ಮಾತು ಎಲ್ಲಿಂದ ತೊಡಗಬೇಕೆಂದು ತಿಳಿಯಲಿಲ್ಲ. ಹುಡುಗನೇ, "ಬಿಡಿ ಸಾರ್, ನಿದ್ದೆ ಮಾಡಿದ್ದು ನಿಜ ತಾನೆ?" ಎಂದು ನಕ್ಕುಬಿಟ್ಟ. ಮುದ್ದೆ, ಹುರುಳಿಸಾರಿನ ಊಟವಾಯಿತು. ಹನ್ನೊಂದು ಗಂಟೆಗೆ ಅವನು ಬ್ಯಾಟರಿ ತೆಗೆದುಕೊಂಡು ಹೊರಟಾಗ ನಾನೂ ಹೊರಟೆ. ಬೇಡವೆಂದರೂ ಬಿಡಲಿಲ್ಲ.

ಕರೆಂಟು ಬಂದೊಡನೆ ಮೋಟಾರು ಮೊರೆಯಿತು. ಬೇಸಿಗೆಯ ಶೇಂಗಾ ಬೆಳೆ. ಸ್ಪ್ರಿಂಕ್ಲರಿನ ನೀರು ಕತ್ತಲೆಯಲ್ಲಿ ಚಟಚಟನೆ ತಿರುಗುತ್ತಿತ್ತು. ಒಂದು ಕಡೆ ನೆನೆದೊಡನೆ ಮೋಟಾರು ನಿಲ್ಲಿಸಿ, ಕೆಸರಿನಲ್ಲಿ ಕಾಲಿಟ್ಟು, ಪೈಪುಗಳನ್ನು ಬಿಡಿಸಿ, ಹೊತ್ತು, ಮುಂದಿನ ಸಾಲಿಗೆ ಜೋಡಿಸಬೇಕು. ಹೆಜ್ಜೆಯಿಡುವ ಮುನ್ನ ಹಾವು ಚೇಳುಗಳಿವೆಯೋ ಎಂದು ಬೆಳಕು ಬಿಟ್ಟು ನೋಡಬೇಕು. ಎರಡು ಸಲ ಪೈಪು ಹೊತ್ತೆ; ಮೂರನೆಯ ಸಲ ಬದುವಿನ ಮೇಲೆ ಕುಳಿತುಬಿಟ್ಟೆ. ಹುಡುಗ ಒಬ್ಬನೇ ಹೊತ್ತ. ಬೆಳಗಿನ ಐದಕ್ಕೆ ಕರೆಂಟು ಹೋಯಿತು. ಮನೆಗೆ ಬಂದು ಅವನು ಎರಡು ಗಂಟೆಯಷ್ಟು ಮಲಗಿರಬೇಕು. ಕಾಲೇಜಿದ್ದ ದಿನಗಳಲ್ಲಿ ಅಷ್ಟೂ ಇಲ್ಲ. ನಾನು ಮಾತ್ರ ಬಹುಕಾಲದ ಮೇಲೆ ಕಲ್ಲಿನಂತೆ ನಿದ್ರಿಸಿದೆ. ಮೈ ದಣಿದರೆ ನಿದ್ದೆ ತಾನಾಗಿ ಬರುತ್ತದೆ ಎಂಬ ಸಾಮಾನ್ಯ ಸತ್ಯ ನನಗೆ ಆ ಹೊಲದಲ್ಲಿ ದೊರೆಯಿತು. ಆದರೆ ಅದೇ ಹೊಲದಲ್ಲಿ ಇನ್ನೊಬ್ಬನಿಗೆ ದಣಿವು ದಂಡಿಯಾಗಿತ್ತು, ನಿದ್ದೆಗೆ ಮಾತ್ರ ಎಡೆಯಿರಲಿಲ್ಲ.

ಭಾನುವಾರ ನಡುಹಗಲು ಅಜ್ಜ ನನ್ನನ್ನು ಊರ ಹೊರಗಿನ ಮರದ ನೆರಳಿಗೆ ಕರೆದೊಯ್ದರು. ಮೇದು ಬಂದ ದನಗಳು ಕಾಲು ಮಡಿಸಿ ಮಲಗಿ ಮೆಲುಕು ಹಾಕುತ್ತಿದ್ದುವು. ನಾನು ಪೇಟೆಯವನ ಕುತೂಹಲದಿಂದ, "ಯಜಮಾನರೆ, ಆ ಕಾಲದಲ್ಲಿ ದಿನಕ್ಕೆ ಎಷ್ಟು ದೂರ ನಡೆಯುತ್ತಿದ್ದಿರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾರೂ ಇದನ್ನೇ ಕೇಳ್ತಾರೆ ಮೇಷ್ಟ್ರೆ. ದನ ನಡೆದದ್ದು ನೋಡ್ತೀರಿ, ದನ ಮಲಗಿದ್ದು ನೋಡಲ್ಲ. ಮಲಗಿಸದೆ ನಡೆಸಿದರೆ ಎಂಟು ದಿನಕ್ಕೆ ಹಿಂಡು ಉಳಿಯಾಕಿಲ್ಲ" ಎಂದರು.

ಮತ್ತೆ ಅವರೇ ಬಿಡಿಸಿ ಹೇಳಿದರು. ತಂಪು ಹೊತ್ತಿನಲ್ಲಿ ನಡಿಗೆ, ನೆತ್ತಿಯ ಮೇಲೆ ಸೂರ್ಯ ಬಂದರೆ ನೆರಳು. ಮೆಲುಕು ಹಾಕುವ ದನವನ್ನು ಎಬ್ಬಿಸಕೂಡದು. ಎಬ್ಬಿಸಿದರೆ ತಿಂದ ಮೇವು ಮೈಗೆ ಹತ್ತುವುದಿಲ್ಲ. ಎಳೆಯ ಕರುವನ್ನು ಮೊದಲ ದಿನ ಹಳ್ಳದವರೆಗೆ ಮಾತ್ರ ನಡೆಸಬೇಕು, ಆಮೇಲೆ ಗುಡ್ಡದ ಬುಡದವರೆಗೆ, ಆಮೇಲೆ ಹಿಂಡಿನೊಡನೆ. ರಾತ್ರಿ ಕಾವಲಿಗೆ ನಾಲ್ವರು, ನಾಲ್ಕು ಜಾವ. ಒಬ್ಬನ ಜಾವದಲ್ಲಿ ಉಳಿದ ಮೂವರು ಕಂಬಳಿ ಹೊದೆದು ಮಲಗುವರು. ತನ್ನ ಜಾವ ಮುಗಿದ ಮೇಲೆಯೂ ಎಚ್ಚರವಾಗಿರುವೆನೆಂದು ಬಡಾಯಿ ಕೊಚ್ಚಿದವನನ್ನು ಮಿಕ್ಕವರು ಬಯ್ಯುತ್ತಿದ್ದರಂತೆ. "ನಾಳೆ ಅವನು ತೂಕಡಿಸಿದ್ರೆ ಚಿರತೆ ಕೇಳುತ್ತಾ?" ಎಂದರು ಅಜ್ಜ.

ನನ್ನ ಊದಿದ ಮೊಣಕಾಲಿನ ಕಥೆಗೆ ಉತ್ತರ ಆ ಕರುವಿನಲ್ಲಿತ್ತು. ಪ್ರಾಚೀನ ಗ್ರೀಸಿನಲ್ಲಿ ಮಿಲೋ ಎಂಬ ಜಟ್ಟಿಯಿದ್ದನೆಂದೂ, ಅವನು ಒಂದು ಕರುವನ್ನು ದಿನದಿನವೂ ಹೊರುತ್ತ ಬಂದುದರಿಂದ ಅದು ಹೋರಿಯಾಗಿ ಬೆಳೆದಾಗಲೂ ಹೊರಬಲ್ಲವನಾದನೆಂದೂ ಐತಿಹ್ಯವುಂಟು. ಕಥೆ ಉತ್ಪ್ರೇಕ್ಷೆಯಿರಬಹುದು, ತತ್ತ್ವ ಉತ್ಪ್ರೇಕ್ಷೆಯಲ್ಲ. ಅಭ್ಯಾಸಕ್ಕಿಂತ ತುಸುವೇ ಹೆಚ್ಚಾದ ಭಾರವನ್ನು ಮೈಗೆ ಕೊಟ್ಟು, ಅದನ್ನು ಅರಗಿಸಿಕೊಳ್ಳಲು ಬಿಡುವು ಕೊಟ್ಟರೆ ಬಲ ಬೆಳೆಯುತ್ತದೆ. ದುಡಿಯುವ ಕ್ಷಣದಲ್ಲಿ ಸ್ನಾಯು ಬಲಿಯುವುದಿಲ್ಲ, ಸವೆಯುತ್ತದೆ. ಬಲಿಯುವುದು ಆಮೇಲಿನ ವಿಶ್ರಾಂತಿಯಲ್ಲಿ. ದೀರ್ಘ ಶ್ರಮದಿಂದ ಬರಿದಾದ ಸ್ನಾಯುವಿನ ಶಕ್ತಿಸಂಗ್ರಹ ಮತ್ತೆ ತುಂಬಲು ಒಳ್ಳೆಯ ಊಟದೊಡನೆ ಹೆಚ್ಚುಕಡಮೆ ಒಂದು ಹಗಲು ಒಂದು ರಾತ್ರಿ ಬೇಕು. ಅಂಗಾಂಶಗಳ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಮೊದಲ ಗಾಢನಿದ್ರೆಯಲ್ಲಿ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ದನದ ಮೆಲುಕಿಗೂ ಇದಕ್ಕೂ ಇರುವ ಹೋಲಿಕೆಯನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮ ಮೈಯ ಕಣಕಣದಲ್ಲಿಯೂ ಹಗಲಿರುಳನ್ನು ಅಳೆಯುವ ಗಡಿಯಾರವೊಂದು ಹೇಗೆ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್, ಮೈಕೇಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ರಾತ್ರಿ ಕಳೆದುಕೊಂಡ ನಿದ್ದೆಗೆ ಹಗಲಿನ ನಿದ್ದೆ ಪೂರ್ತಿ ಸಮವಾಗದಿರುವುದಕ್ಕೆ ಈ ಗಡಿಯಾರವೂ ಒಂದು ಕಾರಣ.

ಈ ವಿವೇಕ ನಮ್ಮ ನೆಲಕ್ಕೆ ಹೊಸದೇನಲ್ಲ. ಅಮೃತಮಹಲ್ ದನಗಳ ಕಾವಲುಗಳು ಈ ಚಳ್ಳಕೆರೆ ಸೀಮೆಯಲ್ಲಿಯೇ ಹರಡಿದ್ದುವು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಮೊದಲಾದ ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಈ ಎತ್ತುಗಳ ಬಲದಿಂದಲೇ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯವನ್ನು ನಡೆಸಿ ಚಿದಂಬರವನ್ನು ಮುಟ್ಟಿದನೆಂದು ಹೇಳುತ್ತಾರೆ. ಆ ನೂರು ಮೈಲಿಯನ್ನು ಎಲ್ಲರೂ ಬರೆದಿಟ್ಟರು. ಆದರೆ ಆ ಎತ್ತುಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಬೇರೆ ಬೇರೆ ಕಾವಲುಗಳನ್ನು ಮೀಸಲಿಟ್ಟಿದ್ದರೆಂಬುದನ್ನು ನೆನೆಯುವವರು ಕಡಮೆ. ಬೇಸಿಗೆಯ ಕಾವಲಿನಲ್ಲಿ ನೆರಳು ನೀರುಗಳಿರಬೇಕೆಂಬುದೇ ಕಟ್ಟಳೆ. ನೂರು ಮೈಲಿಯ ಓಟ ಹುಟ್ಟಿದ್ದು ಆ ನೆರಳಿನಲ್ಲಿ. ಆ ಕಾವಲುಗಳ ವಿಸ್ತಾರ ಈಗ ಹಿಂದಿನಂತಿಲ್ಲ. ಈ ಶತಮಾನದಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿತು. ದನ ಮಲಗುವ ಜಾಗ ಮೊದಲು ಕಣ್ಣಿಗೆ ಬೀಳುವುದು ಬರಿದಾದ ಜಾಗವೆಂದೇ. ಮನುಷ್ಯನ ಬಿಡುವಿನ ಹೊತ್ತಿಗೂ ಇದೇ ಗತಿ.

ನಮ್ಮ ವೈದ್ಯಗ್ರಂಥಗಳೂ ಈ ಜೋಡಿಯನ್ನು ಅಗಲಿಸಲಿಲ್ಲ. ದೇಹವೆಂಬ ಮನೆಗೆ ಚರಕಸಂಹಿತೆ ಹೇಳುವ ಮೂರು ಆಸರೆಗಂಬಗಳಲ್ಲಿ ನಿದ್ರೆಯೂ ಒಂದು. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾಡಬೇಕೆಂಬುದು ಸುಶ್ರುತ, ವಾಗ್ಭಟರ ವಿಧಿ. ಹಗಲುನಿದ್ದೆಯನ್ನು ಬೇಸಿಗೆಯ ಹೊರತು ಸಾಮಾನ್ಯವಾಗಿ ನಿಷೇಧಿಸುವ ಚರಕಸಂಹಿತೆಯೇ ಕೆಲವರಿಗೆ ಎಲ್ಲ ಋತುವಿನಲ್ಲಿಯೂ ಅನುಮತಿ ಕೊಡುತ್ತದೆ. ಆ ಪಟ್ಟಿಯಲ್ಲಿ ಅಧ್ಯಯನದಿಂದ ಬಳಲಿದವರಿದ್ದಾರೆ. ಕೆಲಸದಿಂದ, ಹೊರೆಯಿಂದ, ದಾರಿ ನಡೆದು ಬಳಲಿದವರೂ ಇದ್ದಾರೆ. ಊರಿಗೆ ಹಿಂದಿರುಗಿದ ಮೇಲೆ ಆ ಭಾಗವನ್ನು ತೆರೆದು ಓದಿದಾಗ ನನಗೆ ನಾಚಿಕೆಯಾಯಿತು. ನನ್ನ ಮೂರನೆಯ ಸಾಲಿನ ಹುಡುಗ ಇಷ್ಟೂ ಕಾರಣಗಳಿಂದ ಆ ಪಟ್ಟಿಗೆ ಸೇರಿದವನು. ಶಾಸ್ತ್ರ ಕ್ಷಮಿಸಿದವನನ್ನು ನಾನು ಒಂದು ಗಂಟೆ ನಿಲ್ಲಿಸಿದ್ದೆ.

ಇನ್ನೊಂದು ಸಂಗತಿಯೂ ಮನಸ್ಸಿಗೆ ಬಂತು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಪ್ರಾಣಿಗಳಲ್ಲಿ ದಯೆಯಿರಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶ ಅಲ್ಲಿದೆ. ಈ ಎರಡನೆಯ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಈಗ ದೆಹಲಿಯಲ್ಲಿರುವ ಅದೇ ಅರಸನ ಸ್ತಂಭಶಾಸನವೊಂದರಲ್ಲಿ, ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ್ದು, ಬಾವಿ ತೋಡಿಸಿದ್ದು, ತಂಗುದಾಣ ಕಟ್ಟಿಸಿದ್ದು, ಮನುಷ್ಯರಿಗೂ ಪಶುಗಳಿಗೂ ನೀರಿನ ನೆಲೆಗಳನ್ನು ಏರ್ಪಡಿಸಿದ್ದು ಇವೆಲ್ಲ ಹೇಳಿದೆ. ನಡೆಯುವವನಿಗೆ ತಾಳ್ಮೆಯನ್ನು ಉಪದೇಶಿಸಿ ಅರಸ ಸುಮ್ಮನಾಗಲಿಲ್ಲ. ದಾರಿಯಲ್ಲಿ ನೆರಳನ್ನು ಒದಗಿಸಿದ. ವಿಶ್ರಾಂತಿಯೆಂಬುದು ಬರಿಯ ವ್ಯಕ್ತಿಯ ಗುಣವಲ್ಲ, ಒಬ್ಬರು ಇನ್ನೊಬ್ಬರಿಗೆ ಏರ್ಪಡಿಸಿಕೊಡಬೇಕಾದ ವಸ್ತು. ಕಾರ್ಖಾನೆಯ ಕೆಲಸಗಾರನಿಗೆ ವಾರಕ್ಕೊಂದು ರಜೆ, ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬಿಡುವು ಎಂದು ೧೯೪೮ರ ಕಾಯಿದೆ ವಿಧಿಸಿತು. ಸ್ವಂತ ಹೊಲದಲ್ಲಿ ದುಡಿಯುವವನಿಗೆ ಅಂಥ ಕಾಯಿದೆ ಇಲ್ಲ. ಬೋರಿನ ನೀರು, ಕರೆಂಟಿನ ಪಾಳಿ ಇವೇ ಅವನ ಗಡಿಯಾರ.

ಭಾನುವಾರ ಸಂಜೆ ಜಗಲಿಯ ಮೇಲೆ ಈ ಮಾತು ಬಂತು. ಹುಡುಗನ ತಂದೆ ಸೊಂಟ ಹಿಡಿದುಕೊಂಡು ಕುಳಿತಿದ್ದರು. "ನಂಗೂ ಗೊತ್ತು ಮೇಷ್ಟ್ರೆ, ಹುಡುಗ ಸೊರಗ್ತಾ ಅವನೆ. ಏನು ಮಾಡ್ಲಿ? ಬೆಳೆ ಕಾಯ್ತದಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಅಜ್ಜನಿಂದ ಬಂತು. "ಅಕ್ಕಪಕ್ಕದಾಗೆ ಮೂರು ಬೋರು ಅವೆ. ಮೂರು ಮನೆಯೋರೂ ಮೂರು ಕಡೆ ನಿದ್ದೆಗೆಡ್ತೀರಿ. ಜಾವ ಕಟ್ಟಿಕೊಂಡಂಗೆ ರಾತ್ರಿ ಕಟ್ಟಿಕೊಳ್ರಿ. ಒಬ್ಬರ ರಾತ್ರಿ, ಮೂರು ಹೊಲದ ನೀರು. ಮುಯ್ಯಾಳು ಅಂತ ನಾವು ಮಾಡ್ತಿರಲಿಲ್ವಾ?" ತಂದೆ ಮೊದಲು ಒಪ್ಪಲಿಲ್ಲ. ಪಕ್ಕದವನು ತಮ್ಮ ಹೊಲಕ್ಕೆ ಸರಿಯಾಗಿ ನೀರು ಬಿಟ್ಟಾನೆಯೇ, ಒಬ್ಬನೇ ಮೂರು ಕಡೆಯ ಪೈಪು ಹೊತ್ತಾನೆಯೇ ಎಂಬ ಶಂಕೆ. ಅದೂ ಸಹಜವೇ. ಕೊನೆಗೆ ನೆರೆಯವರನ್ನು ಕರೆಸಿ ಮಾತಾಡಿ, ಒಂದು ರಾತ್ರಿಗೆ ಒಂದು ಮನೆಯಿಂದ ಇಬ್ಬರಾದರೆ ಆದೀತು, ಒಂದು ವಾರ ನೋಡೋಣವೆಂದರು.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆಂದು ನಾನೂ ಹುಡುಗನೂ ಹೊರಟೆವು. ದಾರಿಯಲ್ಲಿ ಮನೆಯೊಂದರ ಮುಂದೆ ಜೋಡೆತ್ತು ನಿಂತಿದ್ದುವು. ನೊಗ ಗೋಡೆಗೆ ಒರಗಿತ್ತು. ಸೋಮವಾರ ಬಸವಣ್ಣನ ದಿನ, ಎತ್ತು ಕಟ್ಟುವಂತಿಲ್ಲ ಎಂಬುದು ನಮ್ಮ ನಾಡಿನ ರೈತರು ಬಹುಕಾಲದಿಂದ ನಡೆಸಿಕೊಂಡು ಬಂದ ನಡೆ. ಆ ಹಿರಿಯರು ಎತ್ತಿಗೆ ವಾರಕ್ಕೊಂದು ದಿನವನ್ನು ದೇವರ ಹೆಸರಿನಲ್ಲಿ ಭದ್ರಪಡಿಸಿದ್ದರು. ಎತ್ತಿನ ಬದಲು ಮೋಟಾರು ಬಂದಿತು, ಮೋಟಾರಿಗೆ ಸೋಮವಾರವಿಲ್ಲ, ಹೀಗಾಗಿ ಅದರ ಹಿಂದೆ ನಡೆಯುವವನಿಗೂ ಇಲ್ಲವಾಯಿತು. ಬಸ್ಸು ಹತ್ತಿ ಐದು ನಿಮಿಷವಾಗುವುದರೊಳಗೆ ಹುಡುಗನ ತಲೆ ನನ್ನ ಹೆಗಲಿನ ಮೇಲೆ ವಾಲಿತು. ಚಳ್ಳಕೆರೆ ಬರುವವರೆಗೂ ನಾನು ಅಲುಗದೆ ಕುಳಿತಿದ್ದೆ.

ಈಗ ನನ್ನ ಸಂಗತಿಯನ್ನೂ ಹೇಳಿ ಮುಗಿಸುತ್ತೇನೆ. ಅಜ್ಜನ ಕರುವಿನಂತೆ ನಾನೂ ಮೊದಲ ವಾರ ಹತ್ತು ನಿಮಿಷ ಮಾತ್ರ ನಡೆದೆ. ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿದೆ. ವಾರದಲ್ಲಿ ಒಂದು ದಿನ, ನನಗೂ ಅದು ಸೋಮವಾರವೇ, ನಡೆಯುವುದಿಲ್ಲ. ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಹದವಾದ ಶ್ರಮ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ; ಆ ಅಳತೆಯನ್ನು ಮುಟ್ಟಿದ್ದೇನೆ. ನಡೆಯುವಾಗ ಮಾತಾಡಲು ಉಸಿರು ಉಳಿದಿರಬೇಕು ಎಂಬುದೊಂದೇ ನನ್ನ ನಿಯಮ. ರಾತ್ರಿ ಮೊಬೈಲು ಅಡುಗೆಮನೆಯ ಗೂಡಿನಲ್ಲಿ ಮಲಗುತ್ತದೆ, ನಾನು ಹತ್ತೂವರೆಗೆ. ವಯಸ್ಕನಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು. ಹದಿನೆಂಟರ ಒಳಗಿನ ಹದಿಹರೆಯದವರಿಗೆ ಎಂಟರಿಂದ ಹತ್ತು. ಪರೀಕ್ಷೆಯ ಹಿಂದಿನ ದಿನ ರಾತ್ರಿಯೆಲ್ಲ ಓದಿದೆನೆಂದು ಹೆಮ್ಮೆಪಡುವ ವಿದ್ಯಾರ್ಥಿಗಳಿಗೆ, ನೀವು ಮೇದಿದ್ದೀರಿ, ಮೆಲುಕು ಹಾಕಿಲ್ಲ ಎಂದು ಹೇಳುತ್ತೇನೆ. ಅವರಿಗೆ ಒಡನೆಯೇ ಅರ್ಥವಾಗುತ್ತದೆ. ಬಹುಮಂದಿ ದನ ಕಾಯ್ದವರೇ.

ನನ್ನಿವಾಳದ ಆ ಮೂರು ಹೊಲಗಳ ಒಪ್ಪಂದ ನಡುವೆ ಒಮ್ಮೆ ಮುರಿದು ಮತ್ತೆ ಕೂಡಿತಂತೆ. ಹುಡುಗನಿಗೆ ಈಗ ಮೂರು ರಾತ್ರಿಗೊಮ್ಮೆ ನಿದ್ದೆಗೇಡು. ಆ ಮರುದಿನ ಅವನು ತರಗತಿಯಲ್ಲಿ ತೂಕಡಿಸಿದರೆ ನಾನು ದನಿಯನ್ನು ಸ್ವಲ್ಪ ತಗ್ಗಿಸಿ ಪಾಠ ಮುಂದುವರಿಸುತ್ತೇನೆ. ಸಂಜೆ ಬಿಟ್ಟುಹೋದ ಭಾಗವನ್ನು ಅವನು ಬಂದು ಕೇಳಿಕೊಂಡು ಹೋಗುತ್ತಾನೆ. ಕಾಯಕದ ಪಾಠವನ್ನು ಅದೇ ತರಗತಿಗೆ ಇನ್ನೊಮ್ಮೆ ಹೇಳಿದೆ. ಈ ಸಲ ಅರ್ಧ ಗಂಟೆ ದುಡಿಮೆಯನ್ನು ಕುರಿತು, ಮಿಕ್ಕ ಅರ್ಧ ಗಂಟೆ ನನ್ನಿವಾಳದ ಮರದ ನೆರಳಿನಲ್ಲಿ ಕೇಳಿದ್ದನ್ನು ಕುರಿತು.